ಡಾರ್ಜಿಲಿಂಗಿಗೆ ಹೊರಡುವ ಮುನ್ನ

ಬೈಶಾಖ ಕಾಲಿಟ್ಟಿತೆಂದರೆ ಲೇಕ್ ಮಾರ್ಕೆಟ್ ಬಳಿಯ ನಮ್ಮ ಮನೆಯ ಅಟ್ಟದಿಂದ ಹಸಿರು ಹೋಲ್ಡಾಲ್ ಕೆಳಗಿಳಿಯುತ್ತದೆ. ನುಸಿಗುಳಿಗೆಯ ವಾಸನೆ, ತುಕ್ಕು ಹಿಡಿದ ಬಕ್ಕಲ್, ಒಳಜೇಬಿನಲ್ಲಿ ಮಡಿಸಿಟ್ಟ ಮಂಕಿ ಟೋಪಿ. ತೀರ್ಥಹಳ್ಳಿಯವನಾದ ನಾನು ಕೆಲಸಕ್ಕೆಂದು ಕಲ್ಕತ್ತೆಗೆ ಬಂದದ್ದು 1981ರಲ್ಲಿ. ಮಲೆನಾಡಿನ ಮೈಗೆ ಇಲ್ಲಿನ ಸೆಕೆ ಇವತ್ತಿಗೂ ಒಗ್ಗಿಲ್ಲ. ನಿವೃತ್ತನಾದ ಮೇಲೆ ಪ್ರತಿ ಮೇ ತಿಂಗಳು ನಾನೂ ನನ್ನ ಹೆಂಡತಿಯೂ ಮೂರು ವಾರ ಡಾರ್ಜಿಲಿಂಗಿನಲ್ಲಿರುತ್ತೇವೆ.

ಹಳೆಯ ಬಂಗಾಳಿಗಳು ಇದನ್ನು ಪ್ರವಾಸ ಎನ್ನುತ್ತಿರಲಿಲ್ಲ. ‘ಹಾವಾ ಬದಲ್’ ಎನ್ನುತ್ತಿದ್ದರು. ವೈದ್ಯರೇ ಬರೆದುಕೊಡುತ್ತಿದ್ದ ಮದ್ದು ಅದು. ಆ ಊರು ಹುಟ್ಟಿದ್ದೂ ಹಾಗೆಯೇ. 1835ರ ಫೆಬ್ರವರಿ 1ರಂದು ಸಿಕ್ಕಿಮಿನ ದೊರೆ ಬೆಟ್ಟವನ್ನು ಈಸ್ಟ್ ಇಂಡಿಯಾ ಕಂಪನಿಗೆ ಬರೆದುಕೊಟ್ಟ ಪತ್ರದಲ್ಲೇ ಕಾರಣವಿದೆ: ಕಾಯಿಲೆ ಬಿದ್ದ ಸರ್ಕಾರಿ ನೌಕರರಿಗೆ ಅಲ್ಲಿನ ತಂಪು ಹವೆ ಒದಗಲಿ ಎಂದು. ಕಂಪನಿ 1841ರಿಂದ ದೊರೆಗೆ ವರ್ಷಕ್ಕೆ 3,000 ರೂಪಾಯಿ ಕೊಡತೊಡಗಿತು, 1846ರಲ್ಲಿ ಅದನ್ನು 6,000ಕ್ಕೆ ಏರಿಸಿತು. ಅಂಥ ಬೆಟ್ಟಕ್ಕೆ ಅದು ಬೆಲೆಯೇ ಅಲ್ಲ.

ಯುರೋಪಿಯನ್ನರಿಗಾಗಿ ಈಡನ್ ಸ್ಯಾನಟೋರಿಯಂ ಎದ್ದಿತು. ನಮ್ಮವರಿಗೆ ಅಂಥದೊಂದು ಆರೋಗ್ಯಧಾಮ ಸಿಕ್ಕಿದ್ದು 1887ರಲ್ಲಿ, ಕೂಚ್ ಬಿಹಾರದ ಮಹಾರಾಜರ ನೆರವಿನಿಂದ ಆದ ಲೂಯಿಸ್ ಜುಬಿಲಿ ಸ್ಯಾನಟೋರಿಯಂ. ರಾಜ್ಯಪಾಲರ ಬಂಗಲೆಗಿಂತ ನನಗೆ ಈ ಕಟ್ಟಡದ ಮೇಲೆಯೇ ಗೌರವ ಹೆಚ್ಚು.

ಅಷ್ಟು ಹೊತ್ತಿಗೆ ಎರಡಡಿ ಅಗಲದ ಹಳಿಯ ರೈಲು ಬಂದಾಗಿತ್ತು. 1879ರಲ್ಲಿ ಶುರುವಾದ ಕೆಲಸ 1881ರಲ್ಲಿ ಮುಗಿಯಿತು. ಘೂಮ್ ನಿಲ್ದಾಣವಿರುವುದು 7,407 ಅಡಿ ಎತ್ತರದಲ್ಲಿ. ಮಂಜು ಕವಿದ ಒಂದು ಬೆಳಿಗ್ಗೆ ಅಲ್ಲಿ ನಿಂತು ನೋಡಿದೆ. ಉಗಿಬಂಡಿಯ ಮೂತಿಯ ಮೇಲೆ ಕುಳಿತವನೊಬ್ಬ ಮುಷ್ಟಿಯಿಂದ ಒಣಮರಳನ್ನು ಹಳಿಯ ಮೇಲೆ ಉದುರಿಸುತ್ತಿದ್ದ, ಒದ್ದೆ ಹಳಿಯಲ್ಲಿ ಗಾಲಿ ಜಾರದಿರಲೆಂದು. ನಮ್ಮ ಅಜ್ಜಿ ರಂಗೋಲಿ ಎಳೆಯುತ್ತಿದ್ದಾಗಿನ ಬೆರಳೇ ನೆನಪಾಯಿತು.

ಹಿಂದೆ ಕಲ್ಕತ್ತೆಯ ಸಿಯಾಲ್ದಾದಿಂದ ಹೊರಟವರು ಪದ್ಮಾ ನದಿಯನ್ನು ದೋಣಿಯಲ್ಲಿ ದಾಟಬೇಕಿತ್ತು. 1915ರಲ್ಲಿ ಹಾರ್ಡಿಂಜ್ ಸೇತುವೆ ಆಯಿತು. 1947ರಲ್ಲಿ ಆ ದಾರಿಯೇ ಗಡಿಯಾಚೆಗೆ ಹೋಯಿತು. ಆಮೇಲೆ ಫರಕ್ಕಾ ಸೇತುವೆ ಆಗುವವರೆಗೂ ಸುತ್ತುದಾರಿ. ಸಕ್ರಿಗಲಿ ಘಾಟಿನಲ್ಲಿ ರೈಲು ಇಳಿದು, ಸ್ಟೀಮರ್ ಹತ್ತಿ, ಆಚೆ ದಡದ ಮಣಿಹಾರಿಯಲ್ಲಿ ಮತ್ತೆ ರೈಲು. ಕೆಳಮನೆಯ ಮಾಸ್ಟರ್‌ಮಶಾಯ್ ಆ ಘಾಟಿನ ಮರಳಿನಲ್ಲಿ ತಾಯಿಯನ್ನು ಕೈಹಿಡಿದು ನಡೆಸಿದ್ದನ್ನು ಹೇಳುವಾಗ ಅವರ ದನಿ ತಗ್ಗುತ್ತಿತ್ತು.

ಎಲ್ಲರೂ ಗುಣವಾಗಿ ಇಳಿದು ಬರಲಿಲ್ಲ. ಸುಧಾರಿಸಿಕೊಳ್ಳಲೆಂದು ಹೋದ ಚಿತ್ತರಂಜನ್ ದಾಸ್ 1925ರ ಜೂನ್ 16ರಂದು ಅಲ್ಲಿಯೇ ತೀರಿಕೊಂಡರು. ರವೀಂದ್ರನಾಥರು 1928ರಲ್ಲಿ ಆರೋಗ್ಯಕ್ಕಾಗಿ ನಮ್ಮ ಬೆಂಗಳೂರಿಗೂ ಬಂದಿದ್ದರು. ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಬ್ರಜೇಂದ್ರನಾಥ ಸೀಲರ ಒಡನಾಟದಲ್ಲಿದ್ದು ‘ಶೇಷೇರ್ ಕವಿತಾ’ ಮುಗಿಸಿದರು. ಎಪ್ಪತ್ತೇಳು ದಾಟಿದ ಮೇಲೆ, 1938ರಿಂದ 40ರ ನಡುವೆ, ಡಾರ್ಜಿಲಿಂಗ್ ಬೆಟ್ಟಗಳ ಮಂಗ್ಪುವಿಗೆ ಮತ್ತೆ ಮತ್ತೆ ಹೋದರು. ಅವರು ಅಲ್ಲಿ ಇಳಿದುಕೊಳ್ಳುತ್ತಿದ್ದ, ಲೇಖಕಿ ಮೈತ್ರೇಯಿ ದೇವಿಯವರ ಮನೆಯ ಎದುರಿಗೇ ಕ್ವಿನೈನ್ ಕಾರ್ಖಾನೆ. ವೃದ್ಧಾಪ್ಯದಲ್ಲಿ ಬೆಟ್ಟ ಹತ್ತುವವರಿಗೆ ಅದಕ್ಕಿಂತ ಒಳ್ಳೆಯ ಯಾತ್ರಾಸ್ಥಳ ನನಗೆ ಗೊತ್ತಿಲ್ಲ.

ಒಂದು ಸಂಗತಿ ಮಾತ್ರ ನನ್ನನ್ನು ಪ್ರತಿ ವರ್ಷ ಚುಚ್ಚುತ್ತದೆ. ಡಾರ್ಜಿಲಿಂಗ್ ಪೇಟೆಗೆ ನೀರು ಬರುವುದು ಸೆಂಚಲ್‌ನ ಎರಡು ಕೆರೆಗಳಿಂದ. ಒಂದು 1910ರದು, ಇನ್ನೊಂದು 1932ರದು. ನಾವು ಸೆಕೆಯೆಂದು ಓಡಿಹೋಗುವ ತಿಂಗಳಲ್ಲೇ ಅಲ್ಲಿಯ ಹೆಂಗಸರು, ಮಕ್ಕಳು ಆ ನೀರು ಸಾಲದೆ ಕ್ಯಾನು ಹೊತ್ತು ಏರುದಾರಿ ಹತ್ತುತ್ತಿರುತ್ತಾರೆ. ನಮ್ಮಿಬ್ಬರಿಗೆ ದಿನಕ್ಕೆ ಎರಡು ಬಕೆಟ್ ಸಾಕೆಂದು ವಸತಿಗೃಹದವರಿಗೆ ಹೋದ ದಿನವೇ ಹೇಳಿಬಿಡುತ್ತೇವೆ. ನೀವೂ ಹೋಗುವವರಾದರೆ ದಯವಿಟ್ಟು ಅಷ್ಟು ಹೇಳಿ. ಟವೆಲ್, ಹಾಸಿಗೆ ಬಟ್ಟೆಗಳನ್ನು ದಿನಾ ಒಗೆಯುವುದು ಬೇಡವೆಂದೂ ಹೇಳಿ.