ಕಬ್ಬು ಸಿಹಿ ಮಾಡಿದಾಕೆ ಮತ್ತು ಒಂದು ಸ್ಕಾಲರ್‌ಶಿಪ್ಪಿನ ಲೆಕ್ಕ

ಜಾನಕಿ ಅಮ್ಮಾಳ್ ಹೆಸರು ಕೇಳಿದ್ದೀರಾ? ಕೇಳಿದ್ದರೆ ಬಹುಶಃ ಹೀಗೆ ಕೇಳಿರುತ್ತೀರಿ: ಭಾರತದ ಕಬ್ಬಿಗೆ ಸಿಹಿಯೇ ಇರಲಿಲ್ಲ, ಈ ಮಹಾತಾಯಿ ಬಂದು ಸಿಹಿ ಮಾಡಿದರು! ನವೆಂಬರ್ 4 ಅವರ ಹುಟ್ಟುಹಬ್ಬ. ಆ ದಿನ ಈ ಮಾತು ಒಂದು ಹಳೇ ಕಪ್ಪುಬಿಳುಪು ಫೋಟೋ ಜೊತೆ ಮೊಬೈಲಿಗೆ ಬಂದು ಬೀಳುತ್ತೆ. ಕೇಳೋದಕ್ಕೆ ಚೆನ್ನಾಗಿದೆ. ಆದರೆ ಇತಿಹಾಸ ಅಷ್ಟು ಸರಳವಾಗಿಲ್ಲ. ನನ್ನ ಮಟ್ಟಿಗೆ ನಿಜವಾದ ಕತೆ ಈ ಫಾರ್ವರ್ಡಿಗಿಂತ ಹೆಚ್ಚು ರುಚಿಯಾಗಿದೆ.

ಮೊದಲು ಕಬ್ಬಿನ ವಿಷಯ ಮುಗಿಸಿಬಿಡೋಣ. ನಮ್ಮ ಮಂಡ್ಯದ ಕಡೆ ಹೋಗಿ ಯಾವ ಕಬ್ಬು ಹಾಕಿದ್ದೀರಿ ಅಂತ ಕೇಳಿದರೆ 62175, 86032 ಅಂತ ನಂಬರು ಹೇಳುತ್ತಾರೆ. ಆ ನಂಬರುಗಳ ಹಿಂದೆ 'ಸಿ.ಓ.' ಅಂತ ಎರಡಕ್ಷರ ಇದೆ. ಅದು ಕೊಯಮತ್ತೂರಿನ ಗುರುತು. 1912ರಲ್ಲಿ ಅಲ್ಲಿ ಕಬ್ಬಿನ ತಳಿ ಅಭಿವೃದ್ಧಿ ಕೇಂದ್ರ ಶುರುವಾಯಿತು. ಸಿ.ಎ. ಬಾರ್ಬರ್ ಮತ್ತು ಟಿ.ಎಸ್. ವೆಂಕಟರಾಮನ್ ಸೇರಿಕೊಂಡು, ದಪ್ಪಗೆ ಸಿಹಿಯಾಗಿರುವ ಆದರೆ ನಾಜೂಕಿನ ಕಬ್ಬಿಗೆ ಹೊಳೆದಂಡೆಯ ಗಟ್ಟಿಜೀವದ ಕಾಡುಕಬ್ಬನ್ನು ಕೂಡಿಸಿದರು. ಹಾಗೆ ಹುಟ್ಟಿದ ಸಿ.ಓ. 205 ಎಂಬ ತಳಿ 1918ರಲ್ಲೇ ಉತ್ತರ ಭಾರತದ ಹೊಲಗಳಿಗೆ ಹೋಯಿತು. ಆ ಹೊತ್ತಿಗೆ ಜಾನಕಿ ಮದರಾಸಿನಲ್ಲಿ ಇನ್ನೂ ಓದುತ್ತಿದ್ದ ಹುಡುಗಿ. ಅಂದಮೇಲೆ ನಮ್ಮ ಕಬ್ಬಿನ ಸಿಹಿ ಒಬ್ಬರ ಖಾತೆಗೆ ಜಮಾ ಆಗುವಂಥದ್ದಲ್ಲ.

ಹಾಗಾದರೆ ಜಾನಕಿ ಮಾಡಿದ್ದೇನು? ಅದಕ್ಕೆ ಕಬ್ಬಿನ ಗದ್ದೆ ಬಿಟ್ಟು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋಗಬೇಕು.

ಲೆವಿ ಬಾರ್ಬೋರ್ ಅಂತ ಒಬ್ಬ ವಕೀಲರಿದ್ದರು (ಹೆಸರು ಹತ್ತಿರ ಹತ್ತಿರ, ಆಸಾಮಿ ಬೇರೆ!). ಮಿಷಿಗನ್ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಲ್ಲಿ ಇದ್ದವರು. ಏಷ್ಯಾ ಪ್ರವಾಸ ಹೋದಾಗ, ತಮ್ಮ ವಿಶ್ವವಿದ್ಯಾಲಯದಲ್ಲಿ ಓದಿ ವಾಪಸ್ ಊರಿಗೆ ಹೋಗಿ ಡಾಕ್ಟರಾಗಿ ದುಡಿಯುತ್ತಿದ್ದ ಹೆಣ್ಣುಮಕ್ಕಳನ್ನು ಕಂಡರು. ಇಂಥವರು ಇನ್ನಷ್ಟು ಜನ ಬೇಕು ಅನ್ನಿಸಿತು. 1917ರಲ್ಲಿ ಏಷ್ಯಾದ ಮಹಿಳೆಯರಿಗೆಂದೇ ಒಂದು ಸ್ಕಾಲರ್‌ಶಿಪ್ ಸ್ಥಾಪಿಸಿದರು. ಆಶಯ ಇಷ್ಟೇ: ಬನ್ನಿ, ಓದಿ, ಇಲ್ಲಿ ಒಳ್ಳೆಯದು ಅಂತ ಕಂಡದ್ದನ್ನು ನಿಮ್ಮ ಜನರ ಹತ್ತಿರ ಒಯ್ಯಿರಿ.

1917ರಲ್ಲಿ ಅಮೆರಿಕದ ಹೆಂಗಸರಿಗೇ ದೇಶಾದ್ಯಂತ ಮತದಾನದ ಹಕ್ಕು ಇರಲಿಲ್ಲ, ಅದು ಬಂದದ್ದು 1920ಕ್ಕೆ. ಅಂಥ ಕಾಲದಲ್ಲಿ ಈ ಮನುಷ್ಯ ಸಮುದ್ರದಾಚೆಯ ಹೆಣ್ಣುಮಕ್ಕಳಿಗೆ ದುಡ್ಡು ತೆಗೆದಿಟ್ಟಿದ್ದ.

ಜಾನಕಿ ಹುಟ್ಟಿದ್ದು 1897ರಲ್ಲಿ, ಕೇರಳದ ತಲಶ್ಶೇರಿಯಲ್ಲಿ. ತೀಯ ಸಮುದಾಯದ ದೊಡ್ಡ ಕುಟುಂಬ, ತಂದೆ ಸಬ್ ಜಡ್ಜ್. ಅಕ್ಕತಂಗಿಯರೆಲ್ಲ ಒಬ್ಬೊಬ್ಬರಾಗಿ ಮದುವೆಯಾಗಿ ಹೋಗುತ್ತಿದ್ದರೆ ಈಕೆ ಓದನ್ನು ಆರಿಸಿಕೊಂಡರು. ಕೊನೆಯವರೆಗೂ ಮದುವೆಯಾಗಲಿಲ್ಲ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1921ಕ್ಕೆ ಸಸ್ಯಶಾಸ್ತ್ರದ ಆನರ್ಸ್ ಮುಗಿಸಿ, ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ಬಾರ್ಬೋರ್ ಸ್ಕಾಲರ್‌ಶಿಪ್ ಸಿಕ್ಕಿತು. 1924ರಲ್ಲಿ ಹಡಗು ಹತ್ತಿದರು. ಮಾಸ್ಟರ್ಸ್ ಮುಗಿಸಿ ಬಂದು, ಸ್ವಲ್ಪ ಕಾಲ ಪಾಠ ಹೇಳಿ, ಮತ್ತೆ ಬಾರ್ಬೋರ್ ಫೆಲೋ ಆಗಿಯೇ ಮಿಷಿಗನ್‌ಗೆ ಮರಳಿದರು. 1931ರಲ್ಲಿ ಡಾಕ್ಟರೇಟ್.

ಅಲ್ಲಿ ಅವರು ಕಲಿತದ್ದು ಸೈಟಾಲಜಿ, ಅಂದರೆ ಜೀವಕೋಶದೊಳಗೆ ಇಣುಕುವ ವಿದ್ಯೆ. ಸೂಕ್ಷ್ಮದರ್ಶಕದಡಿ ಬೇರಿನ ತುದಿ ಇಟ್ಟು ಕ್ರೋಮೋಸೋಮ್ ಎಣಿಸುವುದು. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ, ಗಿಡ ನಾವು ನೋಡುವ ಸ್ಕ್ರೀನ್ ಆದರೆ ಇದು ಅದರ ಸೋರ್ಸ್ ಕೋಡ್ ಎಷ್ಟು ಫೈಲುಗಳಲ್ಲಿದೆ ಅಂತ ತೆಗೆದು ನೋಡುವ ಕೆಲಸ. ಯಾವ ಗಿಡ ಯಾವುದರ ನೆಂಟ, ಯಾವುದಕ್ಕೆ ಯಾವುದು ಕೂಡಿಕೊಂಡೀತು ಅನ್ನುವುದಕ್ಕೆ ಈ ಎಣಿಕೆ ಸುಳಿವು ಕೊಡುತ್ತೆ.

ತಿರುವನಂತಪುರದಲ್ಲಿ ಎರಡು ವರ್ಷ ಪ್ರೊಫೆಸರ್ ಆಗಿದ್ದು, 1934ರಲ್ಲಿ ಅವರು ಕೊಯಮತ್ತೂರಿಗೆ ಬಂದರು. ಕಬ್ಬು ಎಣಿಕೆಗೆ ಸಿಕ್ಕುವ ಸಾಧು ಗಿಡವಲ್ಲ. ಸಿಹಿ ಕಬ್ಬಿನಲ್ಲಿ 80 ಕ್ರೋಮೋಸೋಮ್. ಕಾಡುಕಬ್ಬಿನಲ್ಲಿ ಊರಿಗೊಂದು ಲೆಕ್ಕ: ಒಂದು ಕಡೆ 40, ಇನ್ನೊಂದು ಕಡೆ ನೂರರ ಮೇಲೆ! ಈ ಗೋಜಲನ್ನು ಬಿಡಿಸುತ್ತಾ ಕಾಡುಕಬ್ಬಿನ ಮೂಲ ಭಾರತದಲ್ಲಿದೆ ಅಂತ ಅವರು ತೋರಿಸಿದರು. ಕಬ್ಬಿಗೆ ಜೋಳವನ್ನು ಕೂಡಿಸಿದರು. ಮುಸುಕಿನ ಜೋಳವನ್ನೂ ಕೂಡಿಸಿ ಅದರ ಬಗ್ಗೆ 1938ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ಅಂದರೆ ಅವರ ಕೊಡುಗೆ ಸಕ್ಕರೆ ಬೆರೆಸಿದ್ದಲ್ಲ. ಕಬ್ಬಿನ ವಂಶಾವಳಿ ಬಿಡಿಸಿ, ಮುಂದಿನ ತಳಿಗಾರರಿಗೆ ನಕ್ಷೆ ಬರೆದುಕೊಟ್ಟದ್ದು. ನಕ್ಷೆ ಬರೆದವರ ಬಗ್ಗೆ ಫಾರ್ವರ್ಡ್ ಬರೋದಿಲ್ಲ ಬಿಡಿ.

ಸಿ.ವಿ. ರಾಮನ್ ನಮ್ಮ ಬೆಂಗಳೂರಿನಲ್ಲಿ 1934ರಲ್ಲಿ ಶುರುಮಾಡಿದ ವಿಜ್ಞಾನ ಅಕಾಡೆಮಿ ಮರುವರ್ಷವೇ ಅವರನ್ನು ಫೆಲೋ ಆಗಿ ಆರಿಸಿತು. ಆದರೆ ಮದುವೆಯಾಗದ ಹೆಂಗಸು, ಮೇಲಾಗಿ ಆಗಿನವರ ಕಣ್ಣಿಗೆ 'ಕೆಳಜಾತಿ'. ಕೊಯಮತ್ತೂರಿನಲ್ಲಿ ಸಹೋದ್ಯೋಗಿಗಳ ನಡುವೆ ಅವರಿಗೆ ನೆಮ್ಮದಿ ಇರಲಿಲ್ಲ ಅಂತ ಅವರ ಜೀವನ ಬರೆದವರು ಹೇಳುತ್ತಾರೆ. ಬಾರ್ಬೋರ್ ಸ್ಕಾಲರ್‌ಶಿಪ್ಪು ಬಾಗಿಲು ತೆಗೆಯಿತು. ಒಳಗೆ ಕೂರಲು ಕುರ್ಚಿ ಕೊಡಬೇಕಾದವರು ಊರಿನವರು. ಅದನ್ನು ಯಾವ ಸ್ಕಾಲರ್‌ಶಿಪ್ಪೂ ಕೊಡಿಸಲಾರದು.

1939ರ ಆಗಸ್ಟ್‌ನಲ್ಲಿ ಎಡಿನ್‌ಬರೋದಲ್ಲಿ ಅಂತರರಾಷ್ಟ್ರೀಯ ತಳಿವಿಜ್ಞಾನ ಸಮ್ಮೇಳನ. ಜಾನಕಿ ಹೋದರು. ಸಮ್ಮೇಳನ ಮುಗಿಯುವುದಕ್ಕೂ ಯುದ್ಧ ಶುರುವಾಗುವುದಕ್ಕೂ ಸರಿಹೋಯಿತು. ಅಲ್ಲೇ ಉಳಿದರು. ಲಂಡನ್ನಿನ ಜಾನ್ ಇನ್ಸ್ ಸಂಸ್ಥೆಯಲ್ಲಿ, ಆಮೇಲೆ ವಿಸ್ಲಿಯ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯಲ್ಲಿ ಕೆಲಸ. ಸಿ.ಡಿ. ಡಾರ್ಲಿಂಗ್‌ಟನ್ ಜೊತೆ ಸೇರಿ 1945ರಲ್ಲಿ ಮನುಷ್ಯ ಬೆಳೆಸುವ ಸಸ್ಯಗಳ ಕ್ರೋಮೋಸೋಮ್ ಅಟ್ಲಾಸ್ ಪ್ರಕಟಿಸಿದರು. ಹೆಚ್ಚುಕಡಿಮೆ ಒಂದು ಡಜನ್ ವರ್ಷ ಹೊರಗೆ! ಕೊನೆಗೆ 1951ರಲ್ಲಿ ನೆಹರೂ ಕರೆದರು, ಭಾರತೀಯ ಸಸ್ಯ ಸರ್ವೇಕ್ಷಣ ಇಲಾಖೆಯನ್ನು ಮತ್ತೆ ಕಟ್ಟೋಣ ಬನ್ನಿ ಅಂತ.

ಅವರು ಬಂದ ದೇಶ ಹಸಿದ ದೇಶ. 1943ರ ಬಂಗಾಳದ ಕ್ಷಾಮ ಇನ್ನೂ ಹಸಿ ಗಾಯ. 'ಹೆಚ್ಚು ಆಹಾರ ಬೆಳೆಯಿರಿ' ಅಂತ ಸರ್ಕಾರ ಆಂದೋಲನ ನಡೆಸುತ್ತಿತ್ತು, ಕಾಡು ಹೊಲವಾಗುತ್ತಿತ್ತು. ಈಕೆ ಶಿಲ್ಲಾಂಗ್ ಕಡೆ ಒಂದು ಅಪರೂಪದ ಮ್ಯಾಗ್ನೋಲಿಯಾ ಮರ ಹುಡುಕಿಕೊಂಡು 37 ಮೈಲಿ ಹೋದರೆ, ಆ ಭಾಗದಲ್ಲಿ ಉಳಿದಿದ್ದ ಒಂದೇ ಒಂದು ಮರ ಸುಟ್ಟು ಹೋಗಿತ್ತು. ಇದನ್ನು ಅವರು ಡಾರ್ಲಿಂಗ್‌ಟನ್‌ಗೆ ಪತ್ರದಲ್ಲಿ ಬರೆದಿದ್ದಾರೆ.

ಈಗ ನಾನು ಹೇಳಬೇಕೆಂದಿರುವ ಸೆಮಿನಾರಿಗೆ ಬರುತ್ತೇನೆ.

1955ರ ಜೂನ್. ಅಮೆರಿಕದ ಪ್ರಿನ್ಸ್‌ಟನ್. ಭೂಮಿಯ ಮುಖವನ್ನು ಬದಲಿಸುವುದರಲ್ಲಿ ಮನುಷ್ಯನ ಪಾತ್ರವೇನು ಅನ್ನುವುದು ವಿಷಯ. ವೆನ್ನರ್-ಗ್ರೆನ್ ಫೌಂಡೇಶನ್ ಕರೆದದ್ದು. ಭೂಗೋಳದ ಕಾರ್ಲ್ ಸಾವರ್, ಪ್ರಾಣಿಶಾಸ್ತ್ರದ ಮಾರ್ಸ್ಟನ್ ಬೇಟ್ಸ್, ನಗರಗಳ ಬಗ್ಗೆ ಬರೆದ ಲೂಯಿಸ್ ಮಮ್‌ಫೋರ್ಡ್ ಅಧ್ಯಕ್ಷರು. ಸುಮಾರು 70 ಜನ ವಿದ್ವಾಂಸರು, ಒಂದು ವಾರ. ಪೇಪರ್ ಓದಿ, ಚಪ್ಪಾಳೆ ಹೊಡೆದು, ಊಟಕ್ಕೆ ಹೋಗುವ ಸೆಮಿನಾರ್ ಅಲ್ಲ ಇದು. ಪ್ರಬಂಧಗಳನ್ನು ಮೊದಲೇ ಹಂಚಿ, ಬಂದು ಚರ್ಚೆಯನ್ನಷ್ಟೇ ಮಾಡಿದರು. 1956ರಲ್ಲಿ ಪುಸ್ತಕವಾಗಿ ಬಂದಾಗ ಅದು ಸುಮಾರು 1200 ಪುಟ! 'ಪರಿಸರ' ಅನ್ನುವ ಮಾತು ಮನೆಮಾತಾಗುವ ಎಷ್ಟೋ ವರ್ಷ ಮೊದಲು ನಡೆದ ಕೂಟ ಇದು.

ಅಷ್ಟು ಜನರಲ್ಲಿ ಆಹ್ವಾನ ಇದ್ದ ಮಹಿಳೆ ಒಬ್ಬರೇ. ಜಾನಕಿ ಅಮ್ಮಾಳ್.

ಹೈಬ್ರಿಡ್ ಕಬ್ಬಿನ ಸಂಸ್ಥೆಯಿಂದ ಬಂದವರು, ಅಮೆರಿಕದ ಡಾಕ್ಟರೇಟ್ ಪಡೆದವರು, ಅಲ್ಲಿ ಏನು ಮಾತಾಡಬಹುದು? ಹೊಸ ತಳಿ, ಹೆಚ್ಚು ಇಳುವರಿ? ಅವರು ಆರಿಸಿಕೊಂಡ ವಿಷಯ ಭಾರತದ ಜನ ತಮ್ಮ ಹೊಟ್ಟೆಪಾಡಿಗೆ ಮಾಡುವ ಬೇಸಾಯ. ಮಾರುಕಟ್ಟೆಗಲ್ಲ, ಮನೆಗೆ ಬೆಳೆಯುವುದು. ಆದಿವಾಸಿಗಳ ಸಸ್ಯಜ್ಞಾನ. ಮಾತೃಮೂಲದ ಮನೆತನಗಳಲ್ಲಿ ಆಸ್ತಿಯನ್ನೂ ಹಿತ್ತಲ ಗಿಡಗಳನ್ನೂ ಕಾಯುತ್ತಾ ಬಂದ ಹೆಂಗಸರು. ಒಂದೇ ಬಗೆಯ ಧಾನ್ಯವನ್ನು ರಾಶಿ ರಾಶಿ ಬೆಳೆಯುವ ಭರದಲ್ಲಿ ಈ ಬದುಕು ಅಳಿಸಿಹೋಗುವ ಅಪಾಯವಿದೆ ಅನ್ನುವುದು ಅವರ ಕಳಕಳಿ.

ಹನ್ನೊಂದು ವರ್ಷದ ನಂತರ, 1966ರಲ್ಲಿ, ಭಾರತ ಮೆಕ್ಸಿಕೋದಿಂದ 18,000 ಟನ್ ಗೋಧಿ ಬೀಜ ತರಿಸಿಕೊಂಡಿತು. ಹಸಿರು ಕ್ರಾಂತಿಯಾಯಿತು. ಅದು ಹೊಟ್ಟೆ ತುಂಬಿಸಿತು, ಅದನ್ನು ತಳ್ಳಿಹಾಕುವ ಅಹಂಕಾರ ಊಟ ಮಾಡಿ ಬರೆಯುತ್ತಿರುವ ನನಗಂತೂ ಇಲ್ಲ. ಆದರೆ ಪಂಜಾಬಿನ ಅಂತರ್ಜಲ ಕುಸಿತ, ಕಣ್ಮರೆಯಾದ ನಾಟಿ ಬತ್ತಗಳು, ಈಗ ನಾವು ದುಬಾರಿ ಕೊಟ್ಟು ಕೊಳ್ಳುತ್ತಿರುವ ನವಣೆ, ಸಾಮೆ, ಹಾರಕ... ಈ ಬಿಲ್ಲು ಬರುತ್ತೆ ಅನ್ನುವ ಸೂಚನೆ ಪ್ರಿನ್ಸ್‌ಟನ್‌ನ ಆ ಪ್ರಬಂಧದಲ್ಲಿತ್ತು. ಕೊಟ್ಟವರು ತಳಿವಿಜ್ಞಾನದ ವಿರೋಧಿಯಲ್ಲ, ಅದರಲ್ಲೇ ಬೆರಳು ಸವೆಸಿದವರು. ಅದಕ್ಕೇ ಆ ಮಾತಿಗೆ ತೂಕ.

ಮರುವರ್ಷ, 1956ರಲ್ಲಿ, ಮಿಷಿಗನ್ ತನ್ನ ಹಳೇ ವಿದ್ಯಾರ್ಥಿನಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1977ಕ್ಕೆ ಪದ್ಮಶ್ರೀ. ಅಷ್ಟಕ್ಕೇ ಸುಮ್ಮನೆ ಕೂರಲಿಲ್ಲ ಈ ಅಜ್ಜಿ. ಕೇರಳದ ಸೈಲೆಂಟ್ ವ್ಯಾಲಿಯಲ್ಲಿ ಕುಂತಿಪುಳ ನದಿಗೆ ವಿದ್ಯುತ್ತಿಗಾಗಿ ಅಣೆಕಟ್ಟು ಕಟ್ಟಲು ಹೊರಟಾಗ, ಮುಳುಗಲಿರುವ ಕಾಡಿನ ಮರಗಳ ಕ್ರೋಮೋಸೋಮ್ ಸಮೀಕ್ಷೆಗೆ ಇಳಿದರು, ಎಂಬತ್ತರ ವಯಸ್ಸಿನಲ್ಲಿ. 1984ರ ಫೆಬ್ರವರಿ 7ರಂದು ತೀರಿಕೊಂಡರು. ಅದೇ ವರ್ಷ ನವೆಂಬರ್‌ನಲ್ಲಿ ಸೈಲೆಂಟ್ ವ್ಯಾಲಿ ರಾಷ್ಟ್ರೀಯ ಉದ್ಯಾನವಾಯಿತು.

ನನ್ನ ಚಿಕ್ಕಮ್ಮನ ಮಗಳೊಬ್ಬಳು ರಾಗಿಯ ಮೇಲೆ ಪಿಎಚ್‌ಡಿ ಮಾಡುತ್ತಿದ್ದಾಳೆ. ಮದುವೆ ಮುಂಜಿಗಳಲ್ಲಿ ಸಿಕ್ಕವರೆಲ್ಲ ಕೇಳುವುದು ಒಂದೇ: "ಇನ್ನೂ ಓದ್ತಾನೇ ಇದೀಯೇನಮ್ಮಾ? ಇದರಿಂದ ಏನು ಬರುತ್ತೆ?" ಇಂಜಿನಿಯರಿಂಗ್ ಮುಗಿಸಿ ಇಪ್ಪತ್ತೆರಡಕ್ಕೇ ಸಂಬಳ ಎಣಿಸತೊಡಗಿದ ನನ್ನನ್ನು ಇದುವರೆಗೂ ಯಾರೂ ಹಾಗೆ ಕೇಳಿಲ್ಲ. ನಮ್ಮ ಆಫೀಸಿನಲ್ಲಿ ಮೂರು ತಿಂಗಳಿಗೊಮ್ಮೆ ಲೆಕ್ಕ ಕೊಡುತ್ತೇವೆ. ಏನು ಡೆಲಿವರ್ ಮಾಡಿದಿರಿ, ಎಷ್ಟು ಉಳಿಸಿದಿರಿ... ತಂತ್ರಾಂಶಕ್ಕೆ ಅದು ಸರಿಯೇ ಇರಬಹುದು. ಅದೇ ಗಜಕಡ್ಡಿ ಹಿಡಿದು ಬಾರ್ಬೋರ್ ಮಹಾಶಯನ ದುಡ್ಡನ್ನು 1931ರಲ್ಲಿ ಅಳೆದಿದ್ದರೆ? ಒಂದು ಥೀಸಿಸ್ಸು, ಕೆಲವು ಬದನೆ ಗಿಡ. ಅಷ್ಟೇ. ಅದರ ಫಸಲು ಕುಯ್ಲಿಗೆ ಬರಲು 1955 ಆಗಬೇಕಾಯಿತು. ಒಂದು ಫಸಲಂತೂ ಸೈಲೆಂಟ್ ವ್ಯಾಲಿಯಲ್ಲಿ ಇನ್ನೂ ನಿಂತಿದೆ.

ಅದಕ್ಕೇ 'ಕಬ್ಬು ಸಿಹಿ ಮಾಡಿದಾಕೆ' ಅನ್ನುವ ಹೊಗಳಿಕೆ ನನಗೆ ಹಿಡಿಸುವುದಿಲ್ಲ. ಒಂದು ಇಡೀ ಬದುಕನ್ನು ಒಂದು ಚಮಚ ಸಕ್ಕರೆಗೆ ಇಳಿಸಿಬಿಡುತ್ತೆ ಅದು. ಸ್ಕಾಲರ್‌ಶಿಪ್ಪಿನಿಂದ ಹುಟ್ಟಬೇಕಾದದ್ದು ಬರೀ ಒಂದು ತಳಿಯಲ್ಲ, ತಳಿ ಮಾಡಲೂ ಬಲ್ಲ, ಅದರಿಂದ ಏನು ಕಳೆದೀತು ಅಂತ ತುಂಬಿದ ಸಭೆಯಲ್ಲಿ ಎದ್ದು ನಿಂತು ಕೇಳಲೂ ಬಲ್ಲ ಒಬ್ಬ ಮನುಷ್ಯ. ಅಂಥವರು ತಯಾರಾಗಲು ಇಪ್ಪತ್ತು ಮೂವತ್ತು ವರ್ಷ ಹಿಡಿಯುತ್ತೆ.

ಮುಂದಿನ ನವೆಂಬರ್ 4ಕ್ಕೆ ಆ ಫಾರ್ವರ್ಡ್ ನಿಮಗೂ ಬಂದರೆ, ಕಳಿಸಿದವರಿಗೆ ಪ್ರಿನ್ಸ್‌ಟನ್ ಕತೆಯನ್ನೂ ಹೇಳಿಬಿಡಿ. ಮತ್ತೆ ನಿಮ್ಮ ಮನೆಯಲ್ಲಿ ಇನ್ನೂ ಓದ್ತಾನೇ ಇರುವ ಹುಡುಗಿ ಯಾರಾದರೂ ಇದ್ದರೆ, ಏನು ಬರುತ್ತೆ ಅಂತ ಕೇಳೋ ಬದಲು ಏನು ಓದ್ತಿದೀಯ ಅಂತ ಕೇಳಿ ನೋಡಿ.