ತೈಲ ಸೋರಿಕೆಯ ನಂತರ ಕಡಲಹಕ್ಕಿಗಳ ಚೇತರಿಕೆ: ಸಮೂಹ ತಳಿಶಾಸ್ತ್ರದ ಪಾತ್ರ

ತೈಲ ಸೋರಿಕೆಗೆ ಸಿಕ್ಕಿದ ಕಡಲಹಕ್ಕಿಗಳ ಅಧ್ಯಯನ ಮೊದಲಿಗೆ ಹೆಣಗಳ ಎಣಿಕೆಯಷ್ಟೇ ಆಗಿತ್ತು. 1967ರಲ್ಲಿ ಟಾರಿ ಕ್ಯಾನ್ಯನ್ ಹಡಗು ಇಂಗ್ಲೆಂಡಿನ ನೈಋತ್ಯ ತೀರದ ಬಳಿ ಬಂಡೆಗೆ ಬಡಿದಾಗ ದಡ ಸೇರಿದ ಹಕ್ಕಿಗಳನ್ನು ಎಣಿಸಬಹುದಾಗಿತ್ತು. ಅವು ಯಾವ ಗೂಡುನೆಲೆಯವು ಎಂಬುದಕ್ಕೆ ಕಾಲಿಗೆ ತೊಡಿಸಿದ್ದ ಗುರುತಿನ ಉಂಗುರವೇ ಮುಖ್ಯ ಆಧಾರ; ಉಂಗುರವಿದ್ದ ಹಕ್ಕಿಗಳೋ ಬಹಳ ಕಡಿಮೆ. ಚೇತರಿಕೆಯ ಮಟ್ಟಿಗೆ ಈ ಮಾಹಿತಿ ಮುಖ್ಯವಾದುದು. ಗೂಡುನೆಲೆ ಪ್ರತ್ಯೇಕವಾಗಿದ್ದರೆ ಉಳಿದ ಹಕ್ಕಿಗಳ ಮರಿಗಳೇ ಅದನ್ನು ತುಂಬಬೇಕು. ಬೇರೆ ನೆಲೆಗಳ ನಂಟಿದ್ದರೆ ವಲಸಿಗರೂ ಬಂದು ಸೇರುತ್ತಾರೆ.

ನೆಲೆಗಳ ಈ ನಂಟನ್ನು ಅರಿಯುವ ಸಾಧನ ತಳಿಶಾಸ್ತ್ರದಿಂದ ಬಂತು. 1966ರಲ್ಲಿ ವಿಜ್ಞಾನಿಗಳಾದ ಲೆವಾಂಟಿನ್ ಮತ್ತು ಹಬ್ಬಿ ಹಣ್ಣುನೊಣಗಳ ಪ್ರೋಟೀನುಗಳನ್ನು ವಿದ್ಯುತ್ ಕ್ಷೇತ್ರದಲ್ಲಿ ಬೇರ್ಪಡಿಸಿ, ಸಮೂಹದೊಳಗಿನ ತಳಿ ವೈವಿಧ್ಯವನ್ನು ಅಳೆಯುವ ದಾರಿ ತೋರಿದರು. ಆಮೇಲೆ ಮೈಟೋಕಾಂಡ್ರಿಯದ ಡಿಎನ್‌ಎ ಬಳಕೆಗೆ ಬಂತು. ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸುವ 1980ರ ದಶಕದ ಪಿಸಿಆರ್ ತಂತ್ರದಿಂದ ಒಂದು ಹನಿ ರಕ್ತ ಅಥವಾ ಒಂದು ಗರಿಯೇ ಸಾಕಾಯಿತು.

1989ರ ಮಾರ್ಚ್ 24ರಂದು ಎಕ್ಸಾನ್ ವಾಲ್ಡೀಜ್ ಹಡಗು ಅಲಾಸ್ಕದ ಪ್ರಿನ್ಸ್ ವಿಲಿಯಂ ಸೌಂಡ್‌ನಲ್ಲಿ ಸುಮಾರು 4 ಕೋಟಿ ಲೀಟರ್ ಕಚ್ಚಾತೈಲ ಚೆಲ್ಲಿತು. 30,000ಕ್ಕೂ ಹೆಚ್ಚು ಹಕ್ಕಿಗಳ ಹೆಣ ಸಿಕ್ಕಿತು. ಒಟ್ಟು ಸಾವು ಸುಮಾರು 2.5 ಲಕ್ಷ ಎಂದು ಒಂದು ಅಂದಾಜು. ಸತ್ತವುಗಳಲ್ಲಿ ಮರ್ ಹಕ್ಕಿಗಳೇ ಹೆಚ್ಚು. ಪುನಶ್ಚೇತನ ಕಾರ್ಯಕ್ರಮದ ಅಂಗವಾಗಿ ಕೆನಡಾದ ವಿಕಿ ಫ್ರೀಸನ್, ಅಮೆರಿಕದ ಜಾನ್ ಪಿಯಾಟ್ ಮತ್ತು ಸಂಗಡಿಗರು ಮರ್, ಗಿಲೆಮಾಟ್, ಮರ್ಲೆಟ್‌ಗಳ ತಳಿರಚನೆಯನ್ನು ಪರಿಶೀಲಿಸಿದರು. ಸಾಮಾನ್ಯ ಮರ್‌ಗಳಲ್ಲಿ ನೆಲೆಯಿಂದ ನೆಲೆಗೆ ವ್ಯತ್ಯಾಸ ಅತ್ಯಲ್ಪ. ಮರ್ಲೆಟ್‌ಗಳ ಕತೆ ಬೇರೆ: ಅಮೆರಿಕದ ಮರ್ಲೆಟ್‌ನೊಡನೆ ಒಂದೇ ಪ್ರಭೇದವೆಂದುಕೊಂಡಿದ್ದ ಏಷ್ಯಾದ ಉದ್ದಕೊಕ್ಕಿನ ಮರ್ಲೆಟ್ ತಳಿಸಾಕ್ಷ್ಯದ ಬಲದಿಂದ 1997ರಲ್ಲಿ ಸ್ವತಂತ್ರ ಪ್ರಭೇದವೆನಿಸಿತು.

1999ರ ಡಿಸೆಂಬರಿನಲ್ಲಿ ಎರಿಕಾ ಹಡಗು ಫ್ರಾನ್ಸಿನ ಬ್ರಿಟನಿಯ ಎದುರು ಮುಳುಗಿ ಅಪಾರ ಸಂಖ್ಯೆಯ ಸಾಮಾನ್ಯ ಮರ್‌ಗಳು ಸತ್ತವು. ಅಟ್ಲಾಂಟಿಕ್‌ನ ಗೂಡುನೆಲೆಗಳ ತಳಿಮಾಹಿತಿಯಿಂದ ಸತ್ತವುಗಳ ಮೂಲ ಹುಡುಕುವ ಪ್ರಯತ್ನ ನಡೆಯಿತು. ನೆಲೆಗಳ ನಡುವಿನ ಭೇದ ತೀರ ಕ್ಷೀಣವಾಗಿದ್ದುದರಿಂದ ಗುರುತು ನಿಖರವಾಗಲಿಲ್ಲ.

ಇಲ್ಲಿಯೇ ಈ ವಿಧಾನದ ಮಿತಿ ಕಾಣುತ್ತದೆ. ಪ್ರತಿ ತಲೆಮಾರಿಗೆ ಬೆರಳೆಣಿಕೆಯ ವಲಸಿಗರು ಬಂದರೂ ತಳಿಭೇದ ಅಳಿಸಿಹೋಗಬಲ್ಲದು. ಬರಿದಾದ ಬಂಡೆ ತುಂಬಲು ಅಷ್ಟು ಹಕ್ಕಿಗಳು ಸಾಲವು. ಈಗ ವಲಸೆಯೇ ಇಲ್ಲದಿದ್ದರೂ, ಹಿಮಯುಗದ ನಂತರ ಒಂದೇ ಮೂಲದಿಂದ ಹರಡಿದ ನೆಲೆಗಳು ತಳಿಯಲ್ಲಿ ಸಮಾನವಾಗಿಯೇ ಇರಬಲ್ಲವು. ಹಾಗಾಗಿ ತಳಿಸಾಮ್ಯ ಕಂಡಾಕ್ಷಣ ಹೊರಗಿನ ಹಕ್ಕಿಗಳು ಬಂದು ನಷ್ಟ ತುಂಬುತ್ತವೆ ಎನ್ನಲಾಗದು.

ಇಡೀ ಜೀನೋಮಿನ ಸಾವಿರಾರು ಗುರುತುಗಳನ್ನು ಓದುವ ಇತ್ತೀಚಿನ ವಿಧಾನಗಳಿಂದ ಸೂಕ್ಷ್ಮ ಭೇದಗಳೂ ಸಿಗುತ್ತಿವೆ. ವಸ್ತುಸಂಗ್ರಹಾಲಯದ ಹಳೆಯ ಹಕ್ಕಿಗಳ ಡಿಎನ್‌ಎಯನ್ನು ಇಂದಿನದರೊಡನೆ ಹೋಲಿಸಿ, ಕಳೆದುಹೋದ ವೈವಿಧ್ಯವನ್ನು ಅಂದಾಜಿಸುವುದೂ ಸಾಧ್ಯ. ದೀರ್ಘಾಯುಷಿಗಳಾದ ಈ ಹಕ್ಕಿಗಳಲ್ಲಿ ಅಂಥ ನಷ್ಟ ತಡವಾಗಿಯೇ ತೋರುತ್ತದೆ. ಆದರೆ ಚೇತರಿಕೆಯ ತೊಡಕುಗಳೆಲ್ಲ ತಳಿಗೆ ಸಂಬಂಧಿಸಿದವಲ್ಲ. ಎಕ್ಸಾನ್ ವಾಲ್ಡೀಜ್ ಸೋರಿಕೆಯಾಗಿ 25 ವರ್ಷ ಕಳೆದರೂ ಪ್ರಿನ್ಸ್ ವಿಲಿಯಂ ಸೌಂಡ್‌ನ ಪಿಜನ್ ಗಿಲೆಮಾಟ್‌ಗಳು ಚೇತರಿಸಿಕೊಳ್ಳಲಿಲ್ಲ. ಅಲ್ಲಿನ ಕೆಲವು ದ್ವೀಪಗಳಲ್ಲಿ ಮಿಂಕ್ ಪ್ರಾಣಿಗಳು ಮೊಟ್ಟೆ, ಮರಿಗಳನ್ನು ತಿನ್ನುತ್ತಿದ್ದುದು ಅದಕ್ಕೆ ಮುಖ್ಯ ಅಡ್ಡಿಯಾಗಿತ್ತು. ಇಂಥ ಕಾರಣ ತಳಿಪರೀಕ್ಷೆಯಲ್ಲಿ ಸಿಗುವಂಥದಲ್ಲ. ಈ ಕಾರಣಕ್ಕೇ ಚೇತರಿಕೆಯ ಅಧ್ಯಯನದಲ್ಲಿ ತಳಿಮಾಹಿತಿಯ ಜೊತೆಗೆ ಗೂಡುಗಳ ಎಣಿಕೆ, ಉಂಗುರದ ದಾಖಲೆ, ಆಹಾರ ಮತ್ತು ಬೇಟೆಗಾರ ಪ್ರಾಣಿಗಳ ಸಮೀಕ್ಷೆಯೂ ಸೇರಬೇಕಾಗುತ್ತದೆ.