ಪ್ರಾದೇಶಿಕ ಅಭಿವೃದ್ಧಿ ವ್ಯಾಸಂಗ: ವಿಶೇಷ ವಿಷಯದ ಆಯ್ಕೆ

ಒಂದು ದೇಶದ ಎಲ್ಲ ಭಾಗಗಳೂ ಏಕಪ್ರಕಾರವಾಗಿ ಏಳಿಗೆ ಹೊಂದದಿರಲು ಕಾರಣಗಳೇನು, ಒಂದು ಸೀಮೆಯಲ್ಲಿ ಸಂಪತ್ತು ವೃದ್ಧಿಯಾದಾಗ ಅಲ್ಲಿಯ ಜನರ ವಿದ್ಯೆ, ಆರೋಗ್ಯ, ಜಾತಿಸಂಬಂಧಗಳು, ಸ್ತ್ರೀಯರ ಸ್ಥಾನಮಾನ ಇವುಗಳಲ್ಲಿ ಯಾವ ಬಗೆಯ ಮಾರ್ಪಾಡು ತೋರುತ್ತದೆ ಎಂಬ ಪ್ರಶ್ನೆಗಳನ್ನು ಅರ್ಥಶಾಸ್ತ್ರ, ಭೂಗೋಳಶಾಸ್ತ್ರ, ಸಮಾಜಶಾಸ್ತ್ರ, ಸಂಖ್ಯಾಶಾಸ್ತ್ರಗಳ ನೆರವಿನಿಂದ ವಿಚಾರಿಸುವ ಸ್ನಾತಕೋತ್ತರ ವ್ಯಾಸಂಗವೇ ಪ್ರಾದೇಶಿಕ ಆರ್ಥಿಕ ಮತ್ತು ಸಾಮಾಜಿಕ ಅಭಿವೃದ್ಧಿಯ ಅಧ್ಯಯನ. ಇಷ್ಟು ವಿಸ್ತಾರವಾದ ಕ್ಷೇತ್ರವನ್ನು ಎರಡು ವರ್ಷಗಳ ಅವಧಿಯಲ್ಲಿ ಆದ್ಯಂತವಾಗಿ ಕರಗತ ಮಾಡಿಕೊಳ್ಳುವುದು ಯಾರಿಗೂ ಸಾಧ್ಯವಲ್ಲವಾದುದರಿಂದ ವಿದ್ಯಾರ್ಥಿಯು ಯಾವುದಾದರೊಂದು ಶಾಖೆಯನ್ನು ವಿಶೇಷ ವಿಷಯವಾಗಿ ಆರಿಸಿಕೊಳ್ಳಬೇಕಾಗುತ್ತದೆ. ಈ ಆಯ್ಕೆ ಕೇವಲ ಅಭಿರುಚಿಗೆ ಸಂಬಂಧಿಸಿದ್ದೆಂದು ತಿಳಿಯುವುದುಂಟು. ವಸ್ತುತಃ ಪ್ರತಿಯೊಂದು ಶಾಖೆಯೂ ‘ಪ್ರದೇಶ’ಕ್ಕೆ ತನ್ನದೇ ಆದ ಎಲ್ಲೆಯನ್ನು ಎಳೆಯುತ್ತದೆ. ಒಂದರ ಪಾಲಿಗೆ ಅದು ಸಂತೆಯ ಸುತ್ತಣ ಹಳ್ಳಿಗಳ ಸಮೂಹ, ಇನ್ನೊಂದರ ಪಾಲಿಗೆ ನದಿಯ ಜಲಾನಯನ ಭೂಮಿ, ಮತ್ತೊಂದರ ಪಾಲಿಗೆ ಸರ್ಕಾರಿ ದಫ್ತರದ ತಾಲ್ಲೂಕು. ಯಾವ ಎಲ್ಲೆಯೊಳಗೆ ನಿಂತು ನೋಡುತ್ತೇವೆಯೋ ಅದಕ್ಕನುಗುಣವಾಗಿ ಕೆಲವು ಸಂಗತಿಗಳು ಕಾಣುತ್ತವೆ, ಕೆಲವು ಮರೆಯಾಗುತ್ತವೆ.

ಶಾಖೆಗಳಲ್ಲೆಲ್ಲ ಹಿರಿಯದು ನೆಲೆಗಳ ಸಿದ್ಧಾಂತ. ಜರ್ಮನಿಯ ಮೆಕ್ಲೆನ್‌ಬರ್ಗ್ ಸೀಮೆಯಲ್ಲಿ ಸ್ವಂತ ಜಮೀನಿನ ಸಾಗುವಳಿ ನಡೆಸುತ್ತಿದ್ದ ಫಾನ್ ಟ್ಯೂನೆನ್, ಪಟ್ಟಣದಿಂದ ದೂರ ಹೆಚ್ಚಿದಂತೆ ಬೆಳೆಗಳು ವರ್ತುಲಗಳಾಗಿ ಬದಲಾಗುವ ಬಗೆಯನ್ನು 1826ರಲ್ಲಿ ನಿರೂಪಿಸಿದನು. ಆಲ್ಫ್ರೆಡ್ ವೇಬರ್ 1909ರಲ್ಲಿ ಕೈಗಾರಿಕೆಗಳ ನೆಲೆಯನ್ನು ಸಾಗಣೆಯ ವೆಚ್ಚದ ಆಧಾರದ ಮೇಲೆ ಗೊತ್ತುಪಡಿಸಿದನು. ವಾಲ್ಟರ್ ಕ್ರಿಸ್ಟಾಲರ್ ದಕ್ಷಿಣ ಜರ್ಮನಿಯ ಊರುಗಳನ್ನು ಪರಿಶೀಲಿಸಿ 1933ರಲ್ಲಿ ಕೇಂದ್ರಸ್ಥಳಗಳ ಶ್ರೇಣಿಯನ್ನು ಪ್ರತಿಪಾದಿಸಿದನು. ಇವೆಲ್ಲವನ್ನೂ ಒಂದುಗೂಡಿಸಿ ಸ್ವತಂತ್ರ ಶಾಸ್ತ್ರವನ್ನಾಗಿ ಕಟ್ಟಹೊರಟವನು ಅಮೆರಿಕದ ವಾಲ್ಟರ್ ಐಸಾರ್ಡ್. ಅವನ ಮುಂದಾಳುತನದಲ್ಲಿ 1954ರಲ್ಲಿ ಪ್ರಾದೇಶಿಕ ವಿಜ್ಞಾನದ ಸಂಘವೂ, ಅನಂತರ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದಲ್ಲಿ ಅದೇ ಹೆಸರಿನ ವಿಭಾಗವೂ ಸ್ಥಾಪಿತವಾದವು. ನಗರದ ಭೂಬಳಕೆಯ ಬಗೆಗೆ ಪ್ರಸಿದ್ಧನಾದ ವಿಲಿಯಂ ಅಲಾನ್ಸೋ 1960ರಲ್ಲಿ ಆ ವಿಭಾಗದ ಪ್ರಥಮ ಡಾಕ್ಟರೇಟ್ ಪದವೀಧರನಾದನು. ಆದರೆ ಅದೇ ವಿಭಾಗವನ್ನು 1990ರ ದಶಕದಲ್ಲಿ ಮುಚ್ಚಲಾಯಿತು. ವಿಭಾಗ ಅಳಿದರೂ ಅಲ್ಲಿ ಕಲಿಸುತ್ತಿದ್ದ ಆದಾನ-ಪ್ರದಾನ ಕೋಷ್ಟಕಗಳು, ಸಾಗಣೆಯ ಗಣಿತ, ಭೂಬಾಡಿಗೆಯ ವಿಶ್ಲೇಷಣೆ ಇವು ಅರ್ಥಶಾಸ್ತ್ರದಲ್ಲಿಯೂ ನಗರಯೋಜನೆಯಲ್ಲಿಯೂ ಇಂದಿಗೂ ಜೀವಂತವಾಗಿವೆ. ಶಾಖೆಯ ಹೆಸರನ್ನು ನೋಡಿ ಮರುಳಾಗುವವರು ಈ ಇತಿಹಾಸವನ್ನು ಒಮ್ಮೆ ಓದಿಕೊಳ್ಳುವುದು ಲೇಸು.

ನೆಲೆಗಳ ಸಿದ್ಧಾಂತದಲ್ಲಿ ಸಮಾಜವೆಂಬುದು ಬಹುಮಟ್ಟಿಗೆ ಗೈರುಹಾಜರು. ಈ ಕೊರತೆಯನ್ನು ತುಂಬಿದ್ದು ಮಹಾಯುದ್ಧಾನಂತರದ ಅಭಿವೃದ್ಧಿ ಚಿಂತನೆ. ಫ್ರಾನ್ಸಿನ ಪೆರೂ ಬೆಳವಣಿಗೆಯ ಕೇಂದ್ರಬಿಂದುಗಳ ಕಲ್ಪನೆಯನ್ನು ಮುಂದಿಟ್ಟನು; ಸ್ವೀಡನ್ನಿನ ಗುನ್ನಾರ್ ಮಿರ್ಡಾಲ್ 1957ರಲ್ಲಿ, ಮುಂದುವರಿದ ಪ್ರದೇಶವು ಹಿಂದುಳಿದುದರಿಂದ ಬಂಡವಾಳವನ್ನೂ ಸಮರ್ಥ ಯುವಕರನ್ನೂ ಸೆಳೆದುಕೊಂಡು ಅಂತರವನ್ನು ಮತ್ತಷ್ಟು ಹಿಗ್ಗಿಸುವುದೆಂದು ವಾದಿಸಿದನು; ಮರುವರ್ಷವೇ ಹಿರ್ಷ್‌ಮನ್ ತುಸು ಹೆಚ್ಚಿನ ಆಶಾವಾದದಿಂದ, ಮುಂದುವರಿದ ಪ್ರದೇಶದ ಬೇಡಿಕೆ ಕಾಲಕ್ರಮದಲ್ಲಿ ಸುತ್ತಣ ಸೀಮೆಗಳಿಗೂ ಹರಿಯಬಹುದೆಂದನು. ಪ್ರಾದೇಶಿಕ ಅಸಮತೆಯನ್ನೇ ವಿಶೇಷ ವಿಷಯವಾಗಿ ಹಿಡಿಯುವವರು ಇಂದಿಗೂ ತಮ್ಮ ಪ್ರಶ್ನೆಯನ್ನು ಮಿರ್ಡಾಲ್, ಹಿರ್ಷ್‌ಮನ್ ಇಬ್ಬರ ನಡುವಣ ವಾಗ್ವಾದದಿಂದಲೇ ಆರಂಭಿಸುತ್ತಾರೆ.

ಆರ್ಥಿಕ ಮತ್ತು ಸಾಮಾಜಿಕ ಎಂಬ ಎರಡು ವಿಶೇಷಣಗಳನ್ನು ಒಟ್ಟಿಗೆ ಇಟ್ಟುದರ ಸಾರ್ಥಕ್ಯವನ್ನು ತೋರಿಸಲು ಕನ್ನಡನಾಡಿನ ಮಂಡ್ಯಕ್ಕಿಂತ ಉತ್ತಮವಾದ ನಿದರ್ಶನ ದೊರೆಯುವುದು ದುರ್ಲಭ. ಅರ್ಥಶಾಸ್ತ್ರದಲ್ಲಿ ತರಬೇತಿ ಪಡೆದು, ಅನಂತರ ಮ್ಯಾಂಚೆಸ್ಟರಿನಲ್ಲಿ ಮಾನವಶಾಸ್ತ್ರವನ್ನು ಆಶ್ರಯಿಸಿದ ಸ್ಕಾರ್ಲೆಟ್ ಎಪ್‌ಸ್ಟೈನ್ 1950ರ ದಶಕದ ಮಧ್ಯಭಾಗದಲ್ಲಿ ಮಂಡ್ಯದ ಎರಡು ಹಳ್ಳಿಗಳಲ್ಲಿ ನೆಲೆಸಿ, ಅವುಗಳಿಗೆ ವಂಗಲ, ದಲೇನ ಎಂಬ ಕಲ್ಪಿತ ನಾಮಗಳನ್ನಿತ್ತು, 1962ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದರು. ಕನ್ನಂಬಾಡಿಯ ನಾಲೆಯ ನೀರು ವಂಗಲದ ಹೊಲಗಳಿಗೆ ಹರಿಯಿತು. ಕಬ್ಬು ಬಂದಿತು, ಮಂಡ್ಯದ ಸಕ್ಕರೆ ಕಾರ್ಖಾನೆಯ ಹಣ ಬಂದಿತು, ಆದರೆ ಬೇಸಾಯವೇ ಬಾಳಿನ ಆಧಾರವಾಗಿ ಉಳಿದುದರಿಂದ ಒಕ್ಕಲು ಮನೆತನಗಳಿಗೂ ಅವರ ಆಳುಗಳಿಗೂ ಇದ್ದ ವಂಶಪಾರಂಪರ್ಯದ ಸಂಬಂಧಗಳು ಹೆಚ್ಚುಕಡಮೆ ಹಿಂದಿನಂತೆಯೇ ನಿಂತವು. ದಲೇನದ ನೆಲ ಎತ್ತರದಲ್ಲಿದ್ದುದರಿಂದ ನೀರು ಅಲ್ಲಿಗೆ ಏರಲಿಲ್ಲ. ಆ ಊರಿನವರು ನೆರೆಯ ಗ್ರಾಮಗಳಲ್ಲಿ ತರಿ ಜಮೀನನ್ನು ಕೊಂಡರು, ಕಾರ್ಖಾನೆಯ ಕೆಲಸಕ್ಕೆ ಸೇರಿದರು, ಗಾಡಿ ಹೊಡೆದು ವ್ಯಾಪಾರಕ್ಕೆ ಕೈಹಾಕಿದರು. ಹೀಗೆ ಹೊರಜಗತ್ತಿನೊಂದಿಗೆ ಬೆರೆತಮೇಲೆ ಊರೊಳಗಿನ ಹಳೆಯ ಕಟ್ಟುಪಾಡುಗಳು ಸಡಿಲಗೊಂಡವು. ನೀರು ಬಂದ ಊರು ಬದಲಾಗದೆ, ನೀರು ಬಾರದ ಊರು ಬದಲಾದ ಈ ವೈಚಿತ್ರ್ಯವು ಗ್ರಾಮವನ್ನೇ ಅಧ್ಯಯನದ ಎಲ್ಲೆಯಾಗಿ ಮಾಡಿಕೊಂಡವರಿಗೆ ಮಾತ್ರ ಗೋಚರಿಸತಕ್ಕದ್ದು. ಜಿಲ್ಲೆಯ ಉತ್ಪನ್ನದ ಅಂಕಿಗಳನ್ನಷ್ಟೇ ನೋಡುವವನಿಗೆ ಮಂಡ್ಯ ಏಳಿಗೆ ಹೊಂದಿತೆಂಬ ಒಂದು ವಾಕ್ಯ ಸಿಕ್ಕೀತು, ಅದಕ್ಕಿಂತ ಹೆಚ್ಚೇನೂ ಸಿಗದು.

ಹಾಗೆಂದು ಗ್ರಾಮಾಧ್ಯಯನವೇ ಸರ್ವಶ್ರೇಷ್ಠವೆಂದು ತೀರ್ಮಾನಿಸುವುದೂ ಸಲ್ಲದು, ಏಕೆಂದರೆ ಸರ್ಕಾರ ಹಣವನ್ನು ಹಂಚುವುದು ಹಳ್ಳಿಯ ಕಥೆಯನ್ನು ಕೇಳಿಯಲ್ಲ, ಆಡಳಿತದ ಘಟಕಗಳನ್ನು ಅಳೆದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಿ. ಎಂ. ನಂಜುಂಡಪ್ಪನವರ ಅಧ್ಯಕ್ಷತೆಯ ಉನ್ನತಾಧಿಕಾರ ಸಮಿತಿ 2002ರಲ್ಲಿ ಒಪ್ಪಿಸಿದ ವರದಿ, 35 ಸೂಚಕಗಳನ್ನು ಕೂಡಿಸಿ, ರಾಜ್ಯದ ಸರಾಸರಿಯನ್ನು 1 ಎಂದಿಟ್ಟುಕೊಂಡು, ಆಗಿನ 175 ತಾಲ್ಲೂಕುಗಳನ್ನೂ ತೂಗಿನೋಡಿತು. 114 ತಾಲ್ಲೂಕುಗಳು ಹಿಂದುಳಿದವೆಂದು ಎಣಿಕೆಯಾದವು. ಅವುಗಳೊಳಗೆ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಆ 39ರಲ್ಲಿ 21 ಕಲಬುರ್ಗಿ ವಿಭಾಗಕ್ಕೆ ಸೇರಿದ್ದುವು. ಬೆಳಗಾವಿ ವಿಭಾಗದ್ದು 5 ಮಾತ್ರ, ಬೆಂಗಳೂರು ವಿಭಾಗದ್ದು ಅದರ ಇಮ್ಮಡಿಗೂ ಮಿಕ್ಕು 11. ಉತ್ತರ-ದಕ್ಷಿಣವೆಂಬ ರಾಜಕೀಯ ಭಾಷೆಯಲ್ಲಿ ಮುಚ್ಚಿಹೋಗಿದ್ದ ಸಂಗತಿಯೊಂದು ತಾಲ್ಲೂಕಿನ ಎಲ್ಲೆಯಿಂದಾಗಿ ಬೆಳಕಿಗೆ ಬಂದಿತು. ಸಂಖ್ಯಾಶಾಸ್ತ್ರದಲ್ಲಿ ಒಲವುಳ್ಳವರು ಸೂಚ್ಯಂಕಗಳ ನಿರ್ಮಾಣವನ್ನು ವಿಶೇಷ ವಿಷಯವಾಗಿ ಕೈಗೊಳ್ಳಬಹುದು. ಆದರೆ ಯಾವ ಸೂಚಕಕ್ಕೆ ಎಷ್ಟು ತೂಕ ಎಂಬುದು ಗಣಿತದಿಂದ ತಾನಾಗಿ ಹೊರಡುವ ಉತ್ತರವಲ್ಲ, ಅಲ್ಲಿ ಸಾಮಾಜಿಕ ವಿವೇಚನೆ ನುಸುಳಿಯೇ ತೀರುತ್ತದೆ.

ಆಯ್ಕೆಗೆ ಮುನ್ನ ವಿಚಾರಿಸಬೇಕಾದ ಇನ್ನೊಂದು ಅಂಶ ಅಂಕಿಸಂಖ್ಯೆಗಳ ಲಭ್ಯತೆ. ಜನಗಣತಿ ಹಳ್ಳಿಹಳ್ಳಿಯ ಲೆಕ್ಕವನ್ನು ಕೊಡುವುದಾದರೂ ಆದಾಯದ ವಿಚಾರದಲ್ಲಿ ಮೌನವಾಗಿದೆ; 1950ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆ ಮನೆವೆಚ್ಚದ ವಿವರಗಳನ್ನು ಕೊಟ್ಟರೂ ಅದರ ಮಾದರಿ ತಾಲ್ಲೂಕಿನ ಮಟ್ಟದಲ್ಲಿ ಭರವಸೆಯ ಅಂದಾಜನ್ನು ನೀಡುವಷ್ಟು ದೊಡ್ಡದಲ್ಲ. ಆ ಸಮೀಕ್ಷೆ ಕರ್ನಾಟಕವನ್ನು ನಾಲ್ಕು ಭಾಗಗಳಾಗಿ ವಿಂಗಡಿಸುತ್ತದೆ, ಮತ್ತು ಅದರ ಉತ್ತರ ಒಳನಾಡಿನಲ್ಲಿ ಬೆಳಗಾವಿಯೂ ರಾಯಚೂರೂ ಒಂದೇ ಚೀಲದೊಳಗೆ ಬಿದ್ದಿವೆ. ಬಡತನವನ್ನು ತಾಲ್ಲೂಕುವಾರು ಅಳೆಯುವೆನೆಂದು ಹೊರಡುವ ವಿದ್ಯಾರ್ಥಿ ಇದನ್ನರಿಯದೆ ಒಂದು ವರ್ಷವನ್ನು ವ್ಯರ್ಥಮಾಡಿಕೊಳ್ಳುವುದು ಅಪರೂಪವೇನಲ್ಲ.

ಜಲಸಂಪತ್ತನ್ನು ಆರಿಸುವವರಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗದ ಗದ್ದೆಗಳೂ, ನೀರಿಗಾಗಿ ಕಾಯುವ ಕೊನೆಭಾಗದ ರೈತರೂ ಒಂದೇ ಪ್ರದೇಶ. ವಲಸೆಯನ್ನು ಆರಿಸುವವರಿಗಾದರೋ ದೇವದುರ್ಗದ ಕಡೆಯಿಂದ ಗುಳೆ ಹೊರಟ ಕುಟುಂಬವೂ ಅದು ದುಡಿಯುವ ಬೆಂಗಳೂರಿನ ಕಟ್ಟಡವೂ ಕೂಡಿಯೇ ಪ್ರದೇಶ. ನಕ್ಷೆಯಲ್ಲಿ ಅದಕ್ಕೆ ಹೆಸರಿಲ್ಲ. ಸ್ಥಳೀಯ ಹಣಕಾಸು, ಪಂಚಾಯತಿಗಳ ಆಡಳಿತ, ಸಹಕಾರ ಮೊದಲಾದ ಶಾಖೆಗಳೂ ಉಂಟು.

ಭಾರತದಲ್ಲಿ ಈ ವ್ಯಾಸಂಗದ ಬೇರು ಪುಣೆಯ ಗೋಖಲೆ ಸಂಸ್ಥೆಯವರೆಗೆ ಇಳಿದಿದೆ. 1930ರಲ್ಲಿ ಸ್ಥಾಪಿತವಾದ ಆ ಸಂಸ್ಥೆ ಡಿ. ಆರ್. ಗಾಡ್ಗೀಳರ ನಿರ್ದೇಶನದಲ್ಲಿ ಕೈಗೊಂಡ ಸಮೀಕ್ಷೆಗಳು ಮುಂದಿನವರಿಗೆ ಮೇಲ್ಪಂಕ್ತಿಯಾದವು. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯದಲ್ಲಿ ಮೂನಿಸ್ ರಜಾ ಅವರು ಕಟ್ಟಿ ಬೆಳೆಸಿದ ಪ್ರಾದೇಶಿಕ ಅಭಿವೃದ್ಧಿ ಅಧ್ಯಯನ ಕೇಂದ್ರದಲ್ಲಿ ಭೂಗೋಳ, ಅರ್ಥಶಾಸ್ತ್ರ, ಜನಸಂಖ್ಯಾಶಾಸ್ತ್ರ ಒಂದೇ ಸೂರಿನಡಿ ನಡೆಯುತ್ತವೆ. ಬೆಂಗಳೂರಿನಲ್ಲಿ ವಿ. ಕೆ. ಆರ್. ವಿ. ರಾವ್ 1972ರಲ್ಲಿ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಸಂಸ್ಥೆ ಮುಖ್ಯವಾಗಿ ಸಂಶೋಧಕರಿಗೆ ಮೀಸಲಾದುದು. ಮೈಸೂರು ವಿಶ್ವವಿದ್ಯಾನಿಲಯದ ಅಭಿವೃದ್ಧಿ ಅಧ್ಯಯನ ಸಂಸ್ಥೆಯಲ್ಲಿ ಭೂಗೋಳಶಾಸ್ತ್ರಜ್ಞ ಆರ್. ಪಿ. ಮಿಶ್ರ ಅವರ ಕಾಲದಿಂದ ನಗರ ಮತ್ತು ಪ್ರಾದೇಶಿಕ ಯೋಜನೆಯ ಕಡೆಗೆ ಒಲವು ಹೆಚ್ಚು. ಹೀಗೆ ಸಂಸ್ಥೆಗಳಿಗೂ ಒಂದೊಂದು ಒಲವಿರುವುದರಿಂದ ಶಾಖೆಯನ್ನು ಆರಿಸುವುದೂ ಸಂಸ್ಥೆಯನ್ನು ಆರಿಸುವುದೂ ಬಹಳಮಟ್ಟಿಗೆ ಒಂದೇ ನಿರ್ಧಾರ.

ಪಠ್ಯಕ್ರಮಗಳು ಪ್ರಸ್ತಾಪಿಸದ ಸಿದ್ಧತೆಯೊಂದಿದೆ: ಭಾಷೆ ಮತ್ತು ದಾಖಲೆಗಳ ಜ್ಞಾನ. ಪಹಣಿಯನ್ನು ಓದಲರಿಯದವನು ಭೂಹಿಡುವಳಿಯ ವಿಷಯವನ್ನು ಆರಿಸುವುದು ಸಾಹಸವೇ ಸರಿ. ಕಲಬುರ್ಗಿ, ಬೀದರ, ರಾಯಚೂರುಗಳು ನಿಜಾಮನ ಆಳ್ವಿಕೆಯಲ್ಲಿದ್ದು ಅಲ್ಲಿಯ ಆಡಳಿತಭಾಷೆ ಉರ್ದುವಾಗಿದ್ದುದರಿಂದ, 1948ಕ್ಕೆ ಹಿಂದಿನ ಸ್ಥಿತಿಯನ್ನು ಶೋಧಿಸಬಯಸುವವನು ಆ ಲಿಪಿಯನ್ನು ಕಲಿಯದೆ ಗತ್ಯಂತರವಿಲ್ಲ. ಇಂತಹ ಪರಿಶ್ರಮಕ್ಕೆ ಒಲ್ಲದವರು ಸಮಕಾಲೀನ ವಿಷಯವನ್ನೇ ಹಿಡಿಯುವುದು ಪ್ರಾಮಾಣಿಕ ಮಾರ್ಗ. ಮೊದಲ ವರ್ಷದಲ್ಲಿ ಸಂಖ್ಯಾಶಾಸ್ತ್ರವನ್ನೂ ಕ್ಷೇತ್ರಕಾರ್ಯದ ವಿಧಾನವನ್ನೂ ಅಭ್ಯಾಸಮಾಡಿ, ಎರಡನೆಯ ವರ್ಷದ ಪ್ರೌಢಪ್ರಬಂಧದ ವೇಳೆಗೆ ಶಾಖೆಯನ್ನು ನಿಶ್ಚಯಿಸಿದರೂ ತಡವಾಗದು. ಆ ಶಾಖೆಯಲ್ಲಿ ಸ್ವತಃ ಕೆಲಸಮಾಡಿದ ಮಾರ್ಗದರ್ಶಕರು ವಿಭಾಗದಲ್ಲಿರಬೇಕೆಂಬುದು ಮಾತ್ರ ಮರೆಯತಕ್ಕದ್ದಲ್ಲ.

ಉಪಗ್ರಹ ಚಿತ್ರಗಳೂ ಗಣಕಯಂತ್ರದ ನಕ್ಷೆಗಳೂ ಕೈಗೆಟುಕಿದ ಮೇಲೆ ಎಲ್ಲೆಗಳನ್ನು ಇಷ್ಟಬಂದಂತೆ ಎಳೆಯುವುದು ಸುಲಭವಾಗಿದೆ; ಎಳೆದ ಎಲ್ಲೆಯನ್ನು ಕಾಲಾಂತರದಲ್ಲಿ ಹೋಲಿಸುವುದು ಮಾತ್ರ ಹಿಂದಿಗಿಂತ ಕ್ಲಿಷ್ಟವಾಗಿದೆ. ನಂಜುಂಡಪ್ಪನವರು ತೂಗಿದ 175 ತಾಲ್ಲೂಕುಗಳು ಒಡೆದು ಇಂದು ಇನ್ನೂರನ್ನು ದಾಟಿವೆ. ಅಸಮತೆ ಅಂದಿನಿಂದ ಕಡಮೆಯಾಯಿತೇ ಹೆಚ್ಚಾಯಿತೇ ಎಂದು ಹೇಳಬಯಸುವವನು ಮೊದಲು ಹೊಸ ತಾಲ್ಲೂಕುಗಳ ಹಳ್ಳಿಗಳನ್ನು ಒಂದೊಂದಾಗಿ ಹಳೆಯ ತಾಲ್ಲೂಕುಗಳಿಗೆ ಮರಳಿ ಸೇರಿಸಿ ಲೆಕ್ಕಹಾಕಬೇಕು. ಸೂಚ್ಯಂಕದ ಶಾಖೆಯನ್ನು ಆರಿಸಿದ ವಿದ್ಯಾರ್ಥಿಯ ಮೊದಲ ಕೆಲವು ತಿಂಗಳುಗಳು ಈ ಜೋಡಣೆಯ ಕೆಲಸದಲ್ಲಿಯೇ ಕಳೆಯುತ್ತವೆ.